ಮರಳು ಇಳಿಯುವಷ್ಟು ಹೊತ್ತು

ಜನವರಿ 9

ಅಕ್ಕಾ,

ಮೊನ್ನೆ ಎರಡು ಸಲ ನಿನಗೆ ಫೋನ್ ಮಾಡಿದ್ದೆ. ನೀನು "ಹಲೋ, ಯಾರು? ಯಾರ್ರೀ ಅದು?" ಎಂದೆ. ನನಗೆ "ಅಕ್ಕ" ಎಂಬ ಪದವೇ ಹೊರಡಲಿಲ್ಲ. ಈ ಉಗ್ಗು ವಯಸ್ಸಾದ ಮೇಲೆ ಕಡಿಮೆಯಾಗುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರು, ಅವರು ಸಿಕ್ಕರೆ ಕೇಳಬೇಕು. "ಯಾವನೋ ಪೋಲಿ" ಎಂದು ಬೈದು ಫೋನ್ ಇಟ್ಟೆಯಲ್ಲ, ಆ ಪೋಲಿ ನಾನೇ. ಐವತ್ತೆಂಟು ವರ್ಷದ ಪೋಲಿ. ಅದಕ್ಕೇ ಪತ್ರ.

ವಿಷಯಕ್ಕೆ ಬರುತ್ತೇನೆ. ಮಗಳಿಗೆ ನಿಮ್ಮ ಊರಿನ ಬ್ಲಡ್ ಬ್ಯಾಂಕಿಗೆ ವರ್ಗವಾಗಿದೆ. ಜೂನ್‌ನಲ್ಲಿ ಬರಬೇಕು. ಅಳಿಯ ವರ್ಷದ ಕೊನೆಯವರೆಗೆ ಇಲ್ಲೇ ಇರುತ್ತಾನೆ. ಮೊಮ್ಮಗಳು, ನಮ್ಮ ಬಟಾಣಿ, ತಾಯಿಯ ಜೊತೆ ಬರುತ್ತಾಳೆ. ಅವಳಿಗೆ ಆರು ತುಂಬಿತು. ನಾನು ಹೇಳದೆ ಮುಚ್ಚಿಟ್ಟಿದ್ದ ಸಂಗತಿ ಒಂದಿದೆ: ಅವಳಿಗೂ ನನ್ನ ಉಗ್ಗೇ ಬಂದಿದೆ. ಇಲ್ಲಿಯ ಶಾಲೆಯಲ್ಲಿ ಅವಳು ಬಾಯಿ ತೆರೆಯುವುದೇ ತಡ, ಟೀಚರಿಂದ ಹಿಡಿದು ಪಕ್ಕದ ಬೆಂಚಿನವರವರೆಗೆ ಎಲ್ಲರೂ ಅವಳ ಮಾತನ್ನು ತಾವೇ ಮುಗಿಸಿಬಿಡುತ್ತಾರೆ. ಹಾಗಾಗಿ ಅವಳೀಗ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಾಳೆ. ಮನೆಗೆ ಬಂದು ಬೆಕ್ಕಿನ ಜೊತೆ ಮಾತ್ರ ಮಾತಾಡುತ್ತಾಳೆ. ಬೆಕ್ಕಿಗೆ ಅವಸರವಿಲ್ಲವಲ್ಲ.

ನಗಬೇಡ, ನಾನು ಕೇಳುತ್ತಿರುವುದು ನಾವು ಹುಟ್ಟಿ ಬೆಳೆದ ಪ್ರಾರ್ಥನಾ ಸಭೆಯ ಶಾಲೆಯನ್ನೇ. ನನ್ನ ಹೆಸರನ್ನು ಸದಸ್ಯರ ಪುಸ್ತಕದಿಂದ ಹೊಡೆದುಹಾಕಿದ ಸಭೆಯ ಮೇಲೆ ನನಗೆ ಪ್ರೀತಿ ಉಕ್ಕಿಲ್ಲ. ಆದರೆ ಶಾಲೆ ಬೇರೆ. ಅಲ್ಲಿ ದಿನ ಶುರುವಾಗುವುದೇ ಸುಮ್ಮನೆ ಕೂರುವುದರಿಂದ. ನಾನು ಒಂದು ವಾಕ್ಯ ಹೇಳುವವರೆಗೆ ಮೇಷ್ಟ್ರು ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಾಗೇ ನಿಂತಿರುತ್ತಿದ್ದರು, ಬೇರೆಯವರನ್ನೂ ನಿಲ್ಲಿಸುತ್ತಿದ್ದರು. ಪ್ರಪಂಚದಲ್ಲಿ ನನ್ನ ಮಾತು ಪೂರ್ತಿಯಾಗಲು ಬಿಟ್ಟ ಜಾಗ ಅದೊಂದೇ. ನೀನೂ ಬಿಟ್ಟವಳಲ್ಲ. ನಾನು "ನೀ" ಎನ್ನುವುದರೊಳಗೆ ನೀರಿನ ಲೋಟ ನನ್ನ ಕೈಯಲ್ಲಿರುತ್ತಿತ್ತು.

ಅದರ ಬಗ್ಗೆ ದೂರಿಲ್ಲ. ಹೊರಗಿನ ಹುಡುಗಿಯ ಜೊತೆ ನನ್ನ ಮದುವೆಯ ವಿಷಯ ಸಭೆಯ ಮುಂದೆ ಬಂದ ದಿನ ನಾನು ಮೇಜಿನೆದುರು ನಿಂತು ಬಾಯಿ ತೆರೆದುಕೊಂಡೇ ಇದ್ದೆ, ಒಂದು ಪದವೂ ಬರಲಿಲ್ಲ, ಗಡಿಯಾರದ ಮರಳು ಇಳಿದು ಮುಗಿಯಿತು. ಆವತ್ತು ನೀನು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ ಎಂದು ಅಮ್ಮ ಆಮೇಲೆ ಬರೆದಿದ್ದಳು. ನೀನಿದ್ದಿದ್ದರೆ ನನ್ನ ಮಾತು ನೀನೇ ಮುಗಿಸಿರುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮೂವತ್ತೊಂದು ವರ್ಷದಲ್ಲಿ ನಾನು ನಿನ್ನನ್ನು ಏನೂ ಕೇಳಿಲ್ಲ. ಇದೊಂದು ಮಾಡಿಕೊಡು. ನೀನು ಶಾಲೆಯ ಆಡಳಿತ ಸಮಿತಿಯಲ್ಲಿದ್ದೀಯ.

ನಿನ್ನ ತಮ್ಮ


ಜನವರಿ 21

ತಮ್ಮಾ,

ಪೋಲಿಯನ್ನು ಬೈದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಇನ್ನು ಮುಂದೆ ಫೋನ್ ಮಾಡಿ ಸುಮ್ಮನಿದ್ದರೆ ನಾನೇ ಗೊತ್ತುಮಾಡಿಕೊಳ್ಳುತ್ತೇನೆ.

ಬಟಾಣಿ ಬರುವುದಾದರೆ ಮಹಡಿಯ ರೂಮು ಖಾಲಿ ಮಾಡುತ್ತೇನೆ. ನಿನ್ನ ಭಾವ ಹೋದ ಮೇಲೆ ಅಲ್ಲಿ ಪೇಪರ್ ಬಿಟ್ಟರೆ ಏನೂ ಇಲ್ಲ. ಪೇಪರೆಲ್ಲ ಶಾಲೆಯದು. ಮೂರು ತಿಂಗಳ ಮಟ್ಟಿಗೆ ಸಮಿತಿಗೆ ಬನ್ನಿ ಎಂದು ಅಧ್ಯಕ್ಷರು ಕರೆದದ್ದು, ನಾಲ್ಕು ವರ್ಷವಾಯಿತು. ಅಧ್ಯಕ್ಷರೆಂದರೆ ನಮ್ಮ ಪಶುವೈದ್ಯರು. ರಿಟೈರ್ ಆಗಿದ್ದಾರೆ, ನಮ್ಮನ್ನೆಲ್ಲ ಈಗಲೂ ಹಲ್ಲು ಹಿಡಿದು ವಯಸ್ಸು ನೋಡುವವರ ಹಾಗೆ ನೋಡುತ್ತಾರೆ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿದ್ದೇನೆಂದು ನನಗೆ ನೀರು ಮತ್ತು ಶೌಚಾಲಯ ಕೊಟ್ಟಿದ್ದಾರೆ. ಎರಡನೇ ತರಗತಿಯ ಪಕ್ಕದ ನಲ್ಲಿ ಸೋರುತ್ತಿದೆ ಎಂದು ನಾಲ್ಕು ವರ್ಷದಿಂದ ವರದಿ ಬರೆಯುತ್ತಿದ್ದೇನೆ. ವರದಿ ಸ್ವೀಕರಿಸಲಾಗುತ್ತದೆ, ನಲ್ಲಿ ಸೋರುತ್ತಿರುತ್ತದೆ.

ಬೆಳಿಗ್ಗೆ ಐದಕ್ಕೆ ನನ್ನ ಪಾಳಿ. ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಬಟ್ಟೆ. ಸಂಜೆ ಆರೂವರೆಗೆ ಸಮಿತಿ. ಒಂದನೇ ತರಗತಿಯ ರೂಮಿನಲ್ಲಿ ಕೂರುತ್ತೇವೆ, ಪುಟ್ಟ ಪುಟ್ಟ ಕುರ್ಚಿಗಳು, ಮಂಡಿ ಗದ್ದಕ್ಕೆ ತಗಲುತ್ತದೆ. ನಿನಗೆ ಗೊತ್ತಿರುವ ಪದ್ಧತಿಯೇ ಈಗಲೂ. ವಿಷಯ ಓದುತ್ತಾರೆ, ಚರ್ಚೆಯಾಗುತ್ತದೆ, ಆಮೇಲೆ ಮರಳು ಗಡಿಯಾರ ತಿರುಗಿಸಿಟ್ಟು ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿ ಕೂರುತ್ತೇವೆ. ಮರಳು ಪೂರ್ತಿ ಇಳಿಯುವುದರೊಳಗೆ ಯಾರೂ ಬಾಯಿ ಬಿಡದಿದ್ದರೆ ಒಮ್ಮತ. ಕೈ ಎತ್ತುವುದೂ ಇಲ್ಲ, ಎಣಿಸುವುದೂ ಇಲ್ಲ. ಗಡಿಯಾರವೂ ಅದೇ. ತಳದ ಮರ ಬಿರುಕು ಬಿಟ್ಟಿದೆ, ನಮ್ಮ ಸಮಿತಿಯಲ್ಲೇ ಇರುವ ಟೈಲರ್ ತಾತ ದಪ್ಪ ದಾರ ಸುತ್ತಿಕೊಟ್ಟಿದ್ದಾರೆ.

ಒಂದನೇ ತರಗತಿಗೆ ಇಪ್ಪತ್ತನಾಲ್ಕು ಸೀಟು. ಶಾಲೆಗೆ ನಡೆದು ಬರುವಷ್ಟು ಹತ್ತಿರ ಇರುವ ಮಕ್ಕಳಿಗೆ ಮೊದಲು, ಉಳಿದವರಿಗೆ ಚೀಟಿ ಎತ್ತುವುದು. ನಮ್ಮ ಸಭೆಯವರೋ ಅಲ್ಲವೋ ಎಂದು ಕೇಳುವುದಿಲ್ಲ. ನನ್ನ ಮನೆಯಿಂದ ಶಾಲೆಗೆ ಆರು ನಿಮಿಷ, ನನ್ನ ಈ ಕಾಲಿಗೆ ಒಂಬತ್ತು. ಹಾಗಾಗಿ ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಫಾರಂ ಬಂದ ಕೂಡಲೇ ಕಳಿಸುತ್ತೇನೆ.

ಉಳಿದದ್ದು ಆಮೇಲೆ. ಕಣ್ಣು ಎಳೆಯುತ್ತಿದೆ.

ಅಕ್ಕ


ಫೆಬ್ರವರಿ 12

ಅಕ್ಕಾ,

ನಿನ್ನ ಪತ್ರ ಓದಿ ಮಗಳು ಅತ್ತಳು. ಸಂತೋಷಕ್ಕೆ. ಅತ್ತೆಯ ಮಹಡಿ ರೂಮಿಗೆ ಕಿಟಕಿ ಎಷ್ಟು ಎಂದು ಕೇಳಿದ್ದಾಳೆ.

ಬಟಾಣಿಗೆ ಹೇಳಿಬಿಟ್ಟಿದ್ದೇನೆ, ಹೇಳಬಾರದಿತ್ತೇನೋ. ಹೊಸ ಶಾಲೆಯಲ್ಲಿ ಎಲ್ಲರೂ ಕಾಯುತ್ತಾರೆ ಎಂದೆ. "ಎ, ಎ, ಎಷ್ಟು ಹೊತ್ತು?" ಎಂದಳು. "ನೀನು ಹೇಳಿ ಮುಗಿಸುವಷ್ಟು ಹೊತ್ತು" ಎಂದೆ. ಅವಳು ನಂಬಲಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಬೆಕ್ಕಿಗೆ ಇಡೀ ವಿಷಯ ಹೇಳಿದ್ದಾಳೆ, ಶಾಲೆಯ ಬಾಗಿಲಿನ ಬಣ್ಣ ಸಮೇತ. ಬಣ್ಣ ಹಸಿರೇ ತಾನೆ ಈಗಲೂ? ಬದಲಾಯಿಸಿದ್ದರೆ ಮೊದಲೇ ತಿಳಿಸು, ಅವಳ ಮುಂದೆ ನಾನು ಸುಳ್ಳನಾಗುತ್ತೇನೆ.

ಇಲ್ಲಿ ನನ್ನ ಕೆಲಸ ನಡೆದಿದೆ. ಲಿಫ್ಟುಗಳು ಕೆಡುತ್ತವೆ, ನಾನು ಹೋಗುತ್ತೇನೆ. ಹನ್ನೊಂದನೇ ಮಹಡಿಯ ಹೆಂಗಸೊಬ್ಬಳು ನನ್ನನ್ನು ಮೂಗನೆಂದೇ ತಿಳಿದು ಕೈಸನ್ನೆಯಲ್ಲಿ ಮಾತಾಡುತ್ತಾಳೆ. ನಾನೂ ತಿದ್ದಲು ಹೋಗಿಲ್ಲ. ಆರಾಮಾಗಿದೆ.

ಫಾರಂ ಯಾವಾಗ ಬರುತ್ತದೆ?

ತಮ್ಮ


ಫೆಬ್ರವರಿ 27

ತಮ್ಮಾ,

ಬಾಗಿಲು ಹಸಿರೇ. ಕಿಟಕಿ ಎರಡು, ಒಂದು ತೆರೆಯುವುದಿಲ್ಲ.

ಇಲಾಖೆಯ ತಪಾಸಣೆ ಬರುತ್ತಿದೆ. ನೂರ ನಲವತ್ತು ಪುಟದ ಪ್ರಶ್ನಾವಳಿ. ಬೆಂಕಿ ಬಿದ್ದರೆ ಮಕ್ಕಳು ಎಷ್ಟು ನಿಮಿಷದಲ್ಲಿ ಹೊರಗೆ ಬರುತ್ತಾರೆ ಎಂದು ಕೈಯಲ್ಲಿ ವಾಚು ಹಿಡಿದು ನಿಂತಿದ್ದೆ. ನಾಲ್ಕು ನಿಮಿಷದಲ್ಲಿ ಬಂದರು, ಆದರೆ ಹೆಡ್‌ಮಿಸ್ ಕನ್ನಡಕ ತರಲು ಮತ್ತೆ ಒಳಗೆ ಹೋದರು. ಅದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚನೆ.

ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ಕೆಟ್ಟು ಹದಿನೈದು ದಿನವಾಯಿತು. ನನ್ನ ಭುಜ ನನ್ನದಲ್ಲ ಅನ್ನಿಸುತ್ತದೆ. ಫಾರಂ ಇನ್ನೂ ಅಚ್ಚಾಗಿಲ್ಲ. ಮೊನ್ನೆಯ ಸಮಿತಿಯಲ್ಲಿ ಏನೇನೋ ಆಯಿತು, ಆಮೇಲೆ ಬರೆಯುತ್ತೇನೆ. ನೀನು ಅಲ್ಲಿಯೂ ಒಂದೆರಡು ಶಾಲೆ ವಿಚಾರಿಸಿಟ್ಟಿರು. ಸುಮ್ಮನೆ ಹೇಳಿದೆ.

ಅಕ್ಕ


ಮಾರ್ಚ್ 15

ಅಕ್ಕಾ,

ಮಗಳು ಶಾಲೆಯ ಆಫೀಸಿಗೆ ಫೋನ್ ಮಾಡಿದ್ದಳು. ಫಾರಂ ಅಚ್ಚಾಗಿ ಮೂರು ವಾರವಾಗಿದೆಯಂತೆ. ಗುಮಾಸ್ತರು ಬಹಳ ಮರ್ಯಾದೆಯಿಂದ ಓದಿ ಹೇಳಿದರಂತೆ: ಈ ವರ್ಷದಿಂದ ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರಾದರೂ ಸಭೆಯ ಪುಸ್ತಕದಲ್ಲಿರಬೇಕು. ಫೆಬ್ರವರಿ ಹತ್ತೊಂಬತ್ತರಂದು ಆದ ಠರಾವು. "ಯಾರಾದರೂ ವಿರೋಧ ಮಾಡಿದ್ರಾ?" ಎಂದು ಮಗಳು ಕೇಳಿದ್ದಾಳೆ. "ಇಲ್ಲಮ್ಮಾ, ಒಮ್ಮತ. ಏಳೂ ಜನ ಇದ್ರು, ಏಳೂ ಜನದ ಸಹಿ ಇದೆ" ಎಂದರಂತೆ.

ಏಳರಲ್ಲಿ ನೀನೂ ಒಬ್ಬಳು.

ನನಗೆ ಕೋಪ ಬಂದದ್ದು ಠರಾವಿಗಲ್ಲ. ಸಭೆ ಸಭೆಯ ಹಾಗೇ ಇದೆ, ಅದರಲ್ಲಿ ಆಶ್ಚರ್ಯವೇನು. ನೀನು ಬೆಂಕಿ, ವಾಚು, ಹೆಡ್‌ಮಿಸ್ ಕನ್ನಡಕ ಎಂದು ಒಂದು ಪುಟ ತುಂಬಿಸಿದೆಯಲ್ಲ, ಅದಕ್ಕೆ. ಎಂಟು ದಿನದ ಹಿಂದೆ ಸಹಿ ಹಾಕಿ ಬಂದು ನನಗೆ ಕಿಟಕಿಯ ಲೆಕ್ಕ ಕೊಟ್ಟೆ. ತಮ್ಮನ ಮೊಮ್ಮಗಳು ಆ ಬಾಗಿಲಲ್ಲಿ ಬಂದರೆ ಹಳೆಯ ಕಥೆಯನ್ನು ಜನ ಮತ್ತೆ ಕೆದಕುತ್ತಾರೆ ಎಂದು ಹೆದರಿದೆಯಾ? ಹಾಗಿದ್ದರೆ ಜನವರಿಯಲ್ಲೇ ಹೇಳಬಹುದಿತ್ತು. ನಾನು ಮೂಗಿಗೆ ತುಪ್ಪ ಸವರಿಸಿಕೊಳ್ಳುವ ವಯಸ್ಸಿನವನಲ್ಲ.

ಬಟಾಣಿ ಬೆಕ್ಕಿನ ಜೊತೆ ಶಾಲೆಯ ಆಟ ಆಡುತ್ತಾಳೆ. ಬೆಕ್ಕು ಮೇಷ್ಟ್ರು. ಅದಕ್ಕೆ ಹೇಗೆ ಹೇಳಲಿ?

ಮೂವತ್ತೊಂದು ವರ್ಷದ ಹಿಂದೆ ನಿನಗೆ ಜ್ವರವಿತ್ತು. ಈ ಸಲ ಏನಿತ್ತು?

ತಮ್ಮ


ಮಾರ್ಚ್ 22

ತಮ್ಮಾ,

ಈ ಸಲ ನಿದ್ದೆಯಿತ್ತು.

ಕೂತಲ್ಲೇ ನಿದ್ದೆ ಹೋದೆ ಕಣೋ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ನನಗೂ ಮರ್ಯಾದೆ ಇರುತ್ತಿತ್ತು, ಇಲ್ಲ. ಆವತ್ತು ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದೆ. ಯಂತ್ರ ಕೆಟ್ಟಿತ್ತು, ಮೂವರು ಸೇರಿ ನಾನೂರು ಬೆಡ್‌ಶೀಟು ಕೈಯಲ್ಲೇ ಮಡಿಸಿದೆವು. ಅಲ್ಲಿಂದ ಸೀದಾ ಸಮಿತಿಗೆ. ಎಂಟು ವಿಷಯ ಇದ್ದವು. ಇದು ಏಳನೆಯದು.

ತಂದವರು ನಮ್ಮ ಕಾರ್ಯದರ್ಶಿ, ಹಲ್ಲಿನ ಡಾಕ್ಟರಮ್ಮ. ಕೆಟ್ಟವರಲ್ಲ. ಅವರ ಮೊಮ್ಮಗನಿಗೇ ಹೋದ ವರ್ಷ ಚೀಟಿಯಲ್ಲಿ ಸೀಟು ತಪ್ಪಿತು. "ನಾವು ಕಟ್ಟಿದ ಶಾಲೇಲಿ ನಮ್ಮ ಮಕ್ಕಳಿಗೇ ಜಾಗ ಇಲ್ಲ ಅಂದ್ರೆ ಹೇಗೆ?" ಎಂದರು. ನಾನು ಅದನ್ನು ಕೇಳಿಸಿಕೊಂಡೆ. ಮರಳು ತಿರುಗಿಸಿದ ಮೇಲೆ, ಅರ್ಧ ಇಳಿಯಲಿ, ಆಗ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಮೊದಲೇ ಬಾಯಿ ಹಾಕಿದರೆ ತಮ್ಮನ ಮೊಮ್ಮಗಳಿಗಾಗಿ ಅನ್ನುತ್ತಾರೆ ಎಂದು ಹೆದರಿಕೆಯೂ ಇತ್ತು. ಪಶುವೈದ್ಯರು ಗಡಿಯಾರ ತಿರುಗಿಸಿದರು. ಕಣ್ಣು ಮುಚ್ಚಿದೆ. ತೆರೆದಾಗ ಅವರು "ಒಮ್ಮತ, ಬಹಳ ಸಂತೋಷ" ಎನ್ನುತ್ತಿದ್ದರು.

ಕೇಳು, ಇನ್ನೂ ಇದೆ. ಎದ್ದು ಹೋಗುವಾಗ ಪಶುವೈದ್ಯರು ನನ್ನ ಪಕ್ಕ ಬಂದು ಮೆಲ್ಲಗೆ, "ಇವತ್ತು ನಿಮ್ಮನ್ನು ನೋಡಿ ಮನಸ್ಸು ತುಂಬಿ ಬಂತಮ್ಮಾ. ಎಷ್ಟು ತನ್ಮಯರಾಗಿದ್ರಿ!" ಎಂದರು. ಆಗ ಹೇಳಬೇಕಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಡಾವಳಿ ಪುಸ್ತಕ ಮುಂದಿಟ್ಟರು, ಸಹಿ ಹಾಕಿದೆ. ಮನೆಗೆ ಬಂದು ನಿನಗೆ ಬರೆಯಲು ಕೂತು ಬೆಂಕಿ, ಕನ್ನಡಕ ಎಂದು ಬರೆದೆ. ಸಿಕ್ಕಿಬಿದ್ದ ಹುಡುಗಿಯ ಹಾಗೆ.

ಒಂದು ದಾರಿ ಇದೆ, ಹೇಳದಿದ್ದರೆ ಅದೂ ಸುಳ್ಳೇ. ಒಮ್ಮತವಾದದ್ದನ್ನು ತಿರುಗಿಸಬೇಕಾದರೆ ಆ ಏಳರಲ್ಲಿ ಒಬ್ಬರು ತಮ್ಮ ಮೌನವನ್ನು ವಾಪಸ್ ತೆಗೆದುಕೊಳ್ಳಬೇಕು. ಅದನ್ನು ಸಮಿತಿಯಲ್ಲಿ ಮಾಡುವಂತಿಲ್ಲ, ವರ್ಷದ ಮಹಾಸಭೆಯಲ್ಲಿ ಎಲ್ಲರೆದುರು ಮೇಜಿನ ಮುಂದೆ ನಿಂತು ಮಾಡಬೇಕು. ಆ ಮೌನದೊಳಗೆ ಏನಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ಅಜ್ಜಿಯ ಕಾಲದಲ್ಲಿ ಯಾರೋ ಒಬ್ಬರು ಹಾಗೆ ಮಾಡಿದ್ದರಂತೆ, ಅವರ ಮನೆಯನ್ನು ಜನ ಈಗಲೂ ಬೆರಳು ಮಾಡಿ ತೋರಿಸುತ್ತಾರೆ. ಮಹಾಸಭೆ ಏಪ್ರಿಲ್ ಹನ್ನೆರಡಕ್ಕೆ. ನೂರೈವತ್ತು ಜನ. ಅವರೆದುರು ನಿಂತು, ಪ್ರಾರ್ಥನೆಯಲ್ಲಿ ನಿದ್ದೆ ಹೊಡೆದೆ ಎಂದು ಹೇಳಬೇಕು. ನನಗೆ ಅರವತ್ತೊಂದು. ಈ ಊರಿನಲ್ಲಿ ನನಗಿರುವುದು ಆ ಸಭೆಯೊಂದೇ, ಅದು ಬಿಟ್ಟರೆ ಲಾಂಡ್ರಿ. ನನ್ನ ಕೈಲಾಗುವುದಿಲ್ಲ ತಮ್ಮಾ. ಬಯ್ಯಿ, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ.

ಅಕ್ಕ


ಏಪ್ರಿಲ್ 3

ಅಕ್ಕಾ,

ಬಯ್ಯಬೇಕೆಂದೇ ಕೂತೆ. ಪಶುವೈದ್ಯರ "ತನ್ಮಯರಾಗಿದ್ರಿ" ಎಂಬಲ್ಲಿಗೆ ಬಂದಾಗ ನಗು ಬಂದುಬಿಟ್ಟಿತು. ಮಗಳಿಗೆ ಓದಿ ಹೇಳಲು ಹೋದೆ, ನನ್ನಿಂದ ಆಗಲಿಲ್ಲ, ಅವಳೇ ಕಿತ್ತುಕೊಂಡು ಓದಿ ನಕ್ಕಳು. ಈ ಮನೆಯಲ್ಲಿ ಒಂದು ತಿಂಗಳಾದ ಮೇಲೆ ನಗು.

ನಿಲ್ಲಬೇಡ ಬಿಡು. ಎಲ್ಲರೆದುರು ನಿಂತು ಮಾತು ಬರದಿದ್ದರೆ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನನ್ನು ಅಲ್ಲಿ ನಿಲ್ಲಿಸಿ ನನಗೆ ಆಗಬೇಕಾದ್ದೇನೂ ಇಲ್ಲ. ಬಟಾಣಿಗೆ ಬಸ್ಸಿನಲ್ಲಿ ಹೋಗುವ ಯಾವುದಾದರೂ ಶಾಲೆ ನೋಡುತ್ತೇವೆ. ಟೀಚರಿಗೆ ಮೊದಲೇ ಹೇಳಿದರೆ ಒಂದು ವಾರವಾದರೂ ಕಾಯುತ್ತಾರೆ.

ಅಂದ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ನಿದ್ದೆ ತಪ್ಪಲ್ಲ, ನಾನೂರು ಬೆಡ್‌ಶೀಟು ಮಡಿಸಿದವಳು ನಿದ್ದೆ ಮಾಡದೆ ಇನ್ನೇನು ಮಾಡುತ್ತಾಳೆ. ನಾನು ಮರೆಯದಿರುವುದು ಬೇರೆಯವರನ್ನು. ನನ್ನ ಬೆನ್ನ ಹಿಂದೆ ಬೆಂಚುಗಳ ಮೇಲೆ ಆವತ್ತು ಕೂತಿದ್ದವರು, ನಾನು ಬಾಯಿ ತೆರೆದು ಒದ್ದಾಡುವುದನ್ನು ಎಚ್ಚರವಾಗಿದ್ದು ನೋಡಿದವರು. ಅವರಲ್ಲಿ ಒಬ್ಬರಿಗಾದರೂ ನನ್ನ ಪರವಾಗಿ ಒಂದು ಪದ ಬರಲಿಲ್ಲ. ನಾನು ತಿರುಗಿ ನೋಡದೆ ಪಕ್ಕದ ಬಾಗಿಲಿನಿಂದ ಸೀದಾ ಊರು ಬಿಟ್ಟು ಹೋದದ್ದು ಅದಕ್ಕೇ, ಯಾರ್ಯಾರಿದ್ದಾರೆ ಎಂದು ಗೊತ್ತಾಗುವುದು ಬೇಡ ಎಂದು. ನೀನು ಅವರಲ್ಲಿ ಇರಲಿಲ್ಲ. ಇಷ್ಟು ವರ್ಷ ನನಗೆ ಊರು ಎಂದು ಒಂದು ಉಳಿದಿದ್ದರೆ ಅದು ಆ ಜ್ವರದ ದೆಸೆಯಿಂದ.

ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೋ.

ತಮ್ಮ


ಏಪ್ರಿಲ್ 13

ತಮ್ಮಾ,

ನಿನ್ನೆ ನಿಂತೆ.

ನಿಲ್ಲಬಾರದೆಂದೇ ಹೋಗಿದ್ದೆ. ಕೊನೆಯ ಬೆಂಚಿನಲ್ಲಿ ಕೂತಿದ್ದೆ. ನನ್ನ ವರದಿ, ಅದೇ ನಲ್ಲಿ, ಸ್ವೀಕರಿಸಿದರು. ಆಮೇಲೆ ಪಶುವೈದ್ಯರು ವರ್ಷದ ಠರಾವುಗಳನ್ನು ಓದಿ, "ಯಾರಾದ್ರೂ ಮೌನ ವಾಪಸ್ ತಗೊಳ್ಳೋರು ಇದ್ದೀರಾ?" ಎಂದು ಪ್ರತಿ ವರ್ಷದಂತೆ ಕೇಳಿ ಪುಟ ಮಗುಚಿದರು. ನಾನು ಎದ್ದೆ. ಮೇಜಿನವರೆಗೆ ನಡೆಯುವುದು ಬಹಳ ದೂರವಾಯಿತು.

"ಫೆಬ್ರವರಿ ಹತ್ತೊಂಬತ್ತರ ನನ್ನ ಮೌನ ವಾಪಸ್ ತಗೋತೀನಿ" ಎಂದೆ.

ಅವರಿಗೆ ಗಾಬರಿ. "ಅದರೊಳಗೆ ಏನಿತ್ತಮ್ಮಾ?"

"ನಿದ್ದೆ ಇತ್ತು."

"ಏನಂದ್ರಿ?" ಎಂದರು ಹಲ್ಲಿನ ಡಾಕ್ಟರಮ್ಮ.

"ನಿದ್ದೆ, ಡಾಕ್ಟ್ರೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದೆ. ನೀವು ಹೇಳಿದ್ದಕ್ಕೆ ನಾನು ಒಪ್ಪಿರ್ಲಿಲ್ಲ, ಬೇಡ ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ನಿದ್ದೆ ಬಂತು. ನನ್ನ ತಮ್ಮನ ಮೊಮ್ಮಗಳು ಇಲ್ಲಿ ಓದಬೇಕು ಅಂತ ಇದೆ. ಅದನ್ನೂ ಹೇಳಿಬಿಡ್ತೀನಿ, ಆಮೇಲೆ ಯಾರಾದ್ರೂ ಕಂಡುಹಿಡಿಯೋದು ಬೇಡ. ಆದ್ರೆ ಅವಳು ಇಲ್ಲದೇ ಇದ್ರೂ ಬೇಡ ಅಂತಿದ್ದೆ. ನಾಲ್ಕು ವರ್ಷ ಆ ಶೌಚಾಲಯ ನೋಡಿದ್ದೀನಿ, ಯಾವ ಮಗು ಯಾರ ಪುಸ್ತಕದ್ದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ."

ಯಾರೋ ಕಿಸಕ್ಕೆಂದರು. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಪಶುವೈದ್ಯರು ಪಾಪ, "ನೀವು ತನ್ಮಯರಾಗಿದ್ರಿ ಅಂದ್ಕೊಂಡಿದ್ದೆ" ಎಂದರು. "ಆಗಿದ್ದೆ ಸಾರ್, ಅದರಲ್ಲಿ ಸುಳ್ಳಿಲ್ಲ" ಎಂದೆ. ಆಗ ಎಲ್ಲರೂ ನಕ್ಕರು. ನಗು ನಿಲ್ಲುವಷ್ಟರಲ್ಲಿ ಟೈಲರ್ ತಾತ ಬೆಂಚು ಹಿಡಿದು ಎದ್ದು ನಿಂತಿದ್ದರು. "ನಂದೂ ವಾಪಸ್ಸು. ಆವತ್ತು ಕಿವಿ ಮಿಷನ್ ಬ್ಯಾಟರಿ ಹೋಗಿತ್ತು. ಏಳನೇ ವಿಷಯ ಏನು ಅಂತ್ಲೇ ನನಗೆ ಗೊತ್ತಿಲ್ಲ. ಎಲ್ಲಾರೂ ಸುಮ್ನಿದ್ರು, ನಾನೂ ಸುಮ್ನಿದ್ದೆ." ಡಾಕ್ಟರಮ್ಮ ಮಾತ್ರ ನಗಲಿಲ್ಲ. ಅವರ ಮೊಮ್ಮಗನ ವಿಷಯ ನಗುವಂಥದ್ದೂ ಅಲ್ಲ.

ಠರಾವು ಬಿತ್ತು. ಹಳೆಯ ನಿಯಮವೇ ಈ ವರ್ಷಕ್ಕೆ. ಫಾರಂ ಇದರ ಜೊತೆ ಇಟ್ಟಿದ್ದೇನೆ. ಅರ್ಜಿ ನೋಡುವ ದಿನ ನಾನು ರೂಮಿನ ಹೊರಗೆ ಕೂರುತ್ತೇನೆ, ಅದು ಕ್ರಮ.

ಇಲ್ಲಿಗೆ ನಿಲ್ಲಿಸಿ ಲಕೋಟೆ ಅಂಟಿಸಬಹುದು. ಬೆಳಿಗ್ಗೆಯಿಂದ ಎರಡು ಸಲ ಅಂಟಿಸಲು ಹೋದೆ.

ಅಲ್ಲಿ ಮೇಜಿನ ಮುಂದೆ ನಿಂತಾಗ ನೀನು ನಿಂತ ಜಾಗ ಅದೇ ಎಂದು ಕಾಲಿಗೆ ಗೊತ್ತಾಯಿತು. ಅಲ್ಲಿಂದ ಬೆಂಚುಗಳು ಕಾಣುವುದಿಲ್ಲ, ಗಡಿಯಾರ ಮಾತ್ರ ಕಾಣುತ್ತದೆ. ನೀನು ನನ್ನನ್ನು ನೋಡಿರಲಿಲ್ಲ. ನನಗೆ ಜ್ವರವಿರಲಿಲ್ಲ, ತಮ್ಮಾ. ಅದು ಅಮ್ಮ ಕಟ್ಟಿದ ಮಾತು, ನಾವಿಬ್ಬರಾದರೂ ಉಳಿದುಕೊಳ್ಳಲಿ ಎಂದು. ನಾನು ಮೂರನೇ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ನಿದ್ದೆಯೂ ಇರಲಿಲ್ಲ. ನಿನ್ನ ಕತ್ತಿನ ನರ ಉಬ್ಬುವುದು ಕಾಣುತ್ತಿತ್ತು. ನೀನು ಹೇಳಬೇಕೆಂದಿದ್ದ ಮಾತು ಪೂರ್ತಿ ನನಗೆ ಗೊತ್ತಿತ್ತು, ಹಿಂದಿನ ದಿನ ನನ್ನ ಮುಂದೆಯೇ ಹತ್ತು ಸಲ ಅಭ್ಯಾಸ ಮಾಡಿದ್ದೆ. "ನಾನು ಅವಳನ್ನು ಮದುವೆಯಾಗ್ತೀನಿ, ಸಭೆಯಲ್ಲೂ ಇರ್ತೀನಿ, ಎರಡೂ ಆಗುತ್ತೆ ಅಂತ ನಂಬಿದ್ದೀನಿ." ಇಷ್ಟೇ. ಹುಟ್ಟಿದಾಗಿನಿಂದ ನೀನು ಬೇಡವೆಂದರೂ ನಿನ್ನ ಮಾತು ಮುಗಿಸಿದವಳು ನಾನು. ಆವತ್ತೊಂದು ದಿನ ಮುಗಿಸಬೇಕಿತ್ತು. ಮರಳು ಇಳಿಯುವುದನ್ನು ಕಣ್ಣು ಬಿಟ್ಟುಕೊಂಡು ಕೊನೆಯವರೆಗೆ ನೋಡಿದೆ.

ಅದರ ಮುಂದಿನ ವಾರ ಸಭೆಯಲ್ಲಿ ನನ್ನ ನಿಶ್ಚಿತಾರ್ಥ ಓದುವುದಿತ್ತು. ಮೂವತ್ತಕ್ಕೆ ಬಂದ ಸಂಬಂಧ. ಅದು ತಪ್ಪಿಹೋಗುತ್ತದೆ ಎಂದು ಹೆದರಿದೆ. ಇದು ಕಾರಣ, ಸಮಜಾಯಿಷಿ ಅಲ್ಲ.

ನಿದ್ದೆಯ ವಿಷಯ ಅವರಿಗೆ ಹೇಳುವುದಿತ್ತು, ಹೇಳಿದೆ. ಇದು ನಿನಗೆ ಹೇಳುವುದಿತ್ತು.

ಅಕ್ಕ


ಮೇ 22

ತಮ್ಮಾ,

ಫಾರಂ ತುಂಬಿಸಿ ಮಗಳು ಕಳಿಸಿದ್ದಾಳೆ. ಜೊತೆಗೆ ನಿನ್ನದೊಂದು ಸಾಲೂ ಇರಲಿಲ್ಲ. ಲಕೋಟೆ ಬೋರಲು ಹಾಕಿ ಕೊಡವಿ ನೋಡಿದೆ.

ಬಟಾಣಿಗೆ ಸೀಟಾಯಿತು. ನಾನು ಹೊರಗೆ ಮಕ್ಕಳ ಚಪ್ಪಲಿ ಗೂಡಿನ ಪಕ್ಕ ಕೂತಿದ್ದೆ, ಹೆಡ್‌ಮಿಸ್ ಬಂದು ಹೇಳಿದರು. ಅವಳ ಮಾತಿನ ವಿಷಯವನ್ನೂ ಹೇಳಿದ್ದೇನೆ. "ಅವಸರ ಏನಿದೆ, ನಾಲ್ಕು ಗಂಟೆವರೆಗೂ ಶಾಲೆ ಇರುತ್ತಲ್ಲ" ಎಂದರು.

ಸಮಿತಿಗೆ ರಾಜೀನಾಮೆ ಕೊಟ್ಟೆ. ಅದನ್ನು ಓದಿ ಮರಳು ತಿರುಗಿಸಿದರು. ಮರಳು ಇಳಿಯುವುದರೊಳಗೆ ನಾಲ್ಕು ಜನ ಒಟ್ಟಿಗೆ ಮಾತಾಡಿದರು, ಬೇರೆ ಯಾರಿಗೂ ಶೌಚಾಲಯ ಬೇಡವಂತೆ. ಹಾಗಾಗಿ ಇದ್ದೇನೆ. ಡಾಕ್ಟರಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನನಗೋ ದವಡೆ ಹಲ್ಲು ನೋಯುತ್ತಿದೆ, ಈ ಬೀದಿಗೆಲ್ಲ ಅವರೊಬ್ಬರೇ ಹಲ್ಲಿನ ಡಾಕ್ಟರು. ಒಂದು ವಾರದಿಂದ ಲವಂಗ ಕಚ್ಚಿಕೊಂಡಿದ್ದೇನೆ.

ಮಹಡಿಯ ಕಿಟಕಿ ತೆರೆಯುವಂತೆ ಮಾಡಿಸಿದೆ. ಮೊನ್ನೆ ಒಂದು ಫೋನ್ ಬಂತು. ಎತ್ತಿದರೆ ಮಾತಿಲ್ಲ. ನಾನು ಬಯ್ಯಲಿಲ್ಲ, ಬಹಳ ಹೊತ್ತು ಹಿಡಿದುಕೊಂಡಿದ್ದೆ. ನೀನಾಗಿದ್ದೆಯೋ, ಯಾವನೋ ಪೋಲಿಯೋ ಗೊತ್ತಿಲ್ಲ.

ಇಲ್ಲಿ ಸುಮ್ಮನಿದ್ದವರನ್ನೆಲ್ಲ ಒಪ್ಪಿದವರೆಂದು ಬರೆದುಕೊಳ್ಳುತ್ತಾರೆ. ನಿನ್ನದನ್ನು ನಾನು ಹಾಗೆ ಬರೆದುಕೊಳ್ಳುವುದಿಲ್ಲ.

ಅಕ್ಕ


ಜೂನ್ 4

ಅಕ್ಕಾ,

ಫೋನ್ ಮಾಡಿದ್ದು ನಾನೇ.

ನಿನ್ನ ಏಪ್ರಿಲ್ ಪತ್ರವನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡು ಏಳು ವಾರ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದೆ. ಕೋಪ ಬಂತು. ಅಮ್ಮನ ಮೇಲೂ ಬಂತು, ಅವಳನ್ನು ಈಗ ಏನು ಕೇಳಲಿ. ಮೂರನೇ ಬೆಂಚು, ಕಿಟಕಿ, ಇಷ್ಟೆಲ್ಲ ಯಾಕೆ ಬರೆದಳು, ಜ್ವರವೇ ಇದ್ದುಕೊಳ್ಳಲಿ ಎಂದು ಬಿಡಬಹುದಿತ್ತಲ್ಲ ಎಂದೂ ಅನ್ನಿಸಿತು. ಒಂದು ದಿನ ಮಗಳು, "ಅಪ್ಪಾ, ಅತ್ತೆ ಆ ವಿಷಯ ಹೇಳದೇ ಇದ್ದಿದ್ರೂ ನಮಗೆ ಸೀಟು ಸಿಕ್ತಿತ್ತು" ಎಂದಳು. ಅದು ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು.

ನೀನು ಬರೆದ ಆ ವಾಕ್ಯ, ನಾನು ಹೇಳಬೇಕೆಂದಿದ್ದದ್ದು, ಅದರಲ್ಲಿ ಒಂದು ಪದವೂ ತಪ್ಪಿಲ್ಲ. ನನಗೇ ಮರೆತುಹೋಗಿತ್ತು.

ಈಗ ನಿನಗೆ ಒಂದು ಮಾತು ಹೇಳಬೇಕು. ಅದು ಯಾವುದೆಂದು ನನಗೆ ಗೊತ್ತು, ನಿನಗೂ ಗೊತ್ತು. ಫೋನಿನಲ್ಲಿ ಹೇಳಲು ನೋಡಿದೆ, ತಡೆಯಿತು. ಕಾಗದದಲ್ಲಿ ಯಾವತ್ತೂ ತಡೆಯದ ನನಗೆ ಇಲ್ಲಿಯೂ ತಡೆಯುತ್ತಿದೆ. ಹೊರಡುತ್ತದೆ, ಆದರೆ ಇನ್ನೂ ಹೊರಟಿಲ್ಲ. ನಾನು ಬಂದ ಮೇಲೆ ನಿನ್ನ ಎದುರು ಕೂತು ಬಾಯಿ ತೆರೆದಾಗ, ನಿನ್ನ ಹಳೆಯ ಚಾಳಿಯಂತೆ ನೀನೇ ಮುಗಿಸಿಬಿಡಬೇಡ. ಎಷ್ಟು ಹೊತ್ತಾದರೂ ಕಾಯಿ.

ಗುರುವಾರ ಹನ್ನೊಂದರ ರೈಲು. ಇಬ್ಬರಲ್ಲ, ಮೂವರು ಇಳಿಯುತ್ತೇವೆ. ನನ್ನ ಟೂಲ್ ಬಾಕ್ಸನ್ನೂ ತರುತ್ತಿದ್ದೇನೆ, ಶಾಲೆಯ ಆ ನಲ್ಲಿಯನ್ನು ಮೊದಲು ನೋಡೋಣ.

ತಮ್ಮ